ಬಾಲ್ಯಸ್ಮೃತಿಯ ಪುಳಕ

ನಮ್ಮಲ್ಲಿ ಆತ್ಮಕಥೆಗಳಿಗೆ ಈಗ ಸುಗ್ಗಿಯ ಕಾಲ. ಒಂದಾನೊಂದು ಕಾಲದಲ್ಲಿ ಮಹಾಪುರುಷರಿಗೂ ಕವಿಪುಂಗವರಿಗೂ ಮೀಸಲೆಂದು ತೋರುತ್ತಿದ್ದ ಈ ಸಾಹಿತ್ಯಪ್ರಕಾರದ ಬಾಗಿಲು ಇಂದು ಎಲ್ಲರಿಗೂ ತೆರೆದಿದೆ. ಉಪಾಧ್ಯಾಯರು, ವೈದ್ಯರು, ರೈತರು, ಗೃಹಿಣಿಯರು, ಸರಕಾರದ ನೌಕರಿಯಿಂದ ನಿವೃತ್ತರಾದವರು ಹೀಗೆ ತಾವು ಬಾಳಿದ ಬಾಳನ್ನು ಬರೆದಿಡಬೇಕೆಂದು ಹೊರಟವರು ಊರೂರಿನಲ್ಲಿಯೂ ಇದ್ದಾರೆ. ಇದು ಸಂತೋಷಪಡಬೇಕಾದ ಸಂಗತಿಯೇ ಹೊರತು ಮೂಗು ಮುರಿಯಬೇಕಾದುದಲ್ಲ. ಆದರೆ ಇಂಥ ಗ್ರಂಥಗಳನ್ನು ಓದಿ ಕೆಳಗಿಟ್ಟು ತಿಂಗಳು ಕಳೆದ ಮೇಲೆ ಮನಸ್ಸಿನಲ್ಲಿ ಉಳಿಯುವುದೇನೆಂದು ನಮ್ಮನ್ನು ನಾವೇ ಕೇಳಿಕೊಂಡರೆ ಬರುವ ಉತ್ತರ ಕುತೂಹಲಕರವಾಗಿದೆ. ಲೇಖಕರು ಏರಿದ ಪದವಿಗಳ ಸೋಪಾನ ಮರೆತುಹೋಗಿರುತ್ತದೆ; ಪಡೆದ ಬಿನ್ನವತ್ತಳೆಗಳು ಮರೆತುಹೋಗಿರುತ್ತವೆ; ಮಾಡಿದ ಜಗಳಗಳೂ ಮಾಸಿಹೋಗಿರುತ್ತವೆ. ಮೊದಲನೆಯ ಅಧ್ಯಾಯದ ಯಾವುದೋ ಮೂಲೆಯಲ್ಲಿ ಬಂದುಹೋದ ಒಂದು ಹಿತ್ತಿಲು, ಒಂದು ಮಳೆಗಾಲದ ಸಂಜೆ, ಅಜ್ಜಿಯ ಸೀರೆಯ ಒಂದು ವಾಸನೆ ಮಾತ್ರ ಅಚ್ಚಳಿಯದೆ ನಿಂತಿರುತ್ತದೆ. ಹೀಗೇಕೆ?

ಈ ಪ್ರಶ್ನೆಯನ್ನು ನಮ್ಮ ಮುಂದೆ ಮತ್ತೆ ಎತ್ತಿ ಹಿಡಿದದ್ದು ಈಚೆಗೆ ನಮ್ಮ ಅಭಿಪ್ರಾಯಕ್ಕಾಗಿ ಬಂದ ಒಂದು ಹಸ್ತಪ್ರತಿ. ಬರೆದವರು ಬಯಲುಸೀಮೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಜೀವಮಾನವೆಲ್ಲ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟರು. ಅವರ ಅನುಮತಿ ಪಡೆದು, ಹೆಸರು ಹೇಳದೆ ಇದನ್ನು ಇಲ್ಲಿ ಪ್ರಸ್ತಾಪಿಸುತ್ತಿದ್ದೇವೆ. ಇನ್ನೂರಕ್ಕೂ ಮೀರಿದ ಪುಟಗಳು, ಮುತ್ತಿನಂಥ ಅಕ್ಷರ. ವರ್ಗವಾದ ಊರುಗಳು, ಕಂಡ ಮೇಲಧಿಕಾರಿಗಳು, ನಡೆಸಿದ ಸಮಾರಂಭಗಳು ಎಲ್ಲವೂ ಕ್ರಮವಾಗಿ, ತಾರೀಖು ಸಹಿತ ಬಂದಿವೆ. ಓದುತ್ತ ಓದುತ್ತ ನಮಗೆ ಸ್ವಲ್ಪ ತೂಕಡಿಕೆಯೂ ಬಂದಿತೆಂದರೆ ಅವರು ಕ್ಷಮಿಸುವರೆಂದು ನಂಬಿದ್ದೇವೆ. ಆದರೆ ಹನ್ನೊಂದನೆಯ ಪುಟದಲ್ಲಿ ನಾಲ್ಕೇ ಸಾಲು ನಮ್ಮನ್ನು ತಟ್ಟಿ ಎಬ್ಬಿಸಿದವು. ಅವರಿಗೆ ಆಗ ಆರು ವರ್ಷ. ತಂದೆ ಒಂದು ಬೆಳಗ್ಗೆ ಮನೆಯ ಜೋಡೆತ್ತುಗಳಲ್ಲಿ ಒಂದನ್ನು ಹಿಡಿದುಕೊಂಡು ದನದ ಜಾತ್ರೆಗೆ ಹೋದರು. ಸಂಜೆ ಹಿಂತಿರುಗುವಾಗ ಅವರ ಕೈಯಲ್ಲಿ ಬರಿಯ ಹಗ್ಗವಿತ್ತು. ಮನೆಯಲ್ಲಿ ಯಾರೂ ಮಾತನಾಡಲಿಲ್ಲ; ಹಗ್ಗ ಗೋಡೆಯ ಗೂಟಕ್ಕೇರಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹುಡುಗ ಎದ್ದು ಹೋಗಿ ಆ ಹಗ್ಗವನ್ನು ಮೂಸಿ ನೋಡಿದ. ಎತ್ತಿನ ವಾಸನೆ ಅದರಲ್ಲಿ ಇನ್ನೂ ಇತ್ತು.

ಅಷ್ಟೆ. ಐದನೆಯ ಸಾಲಿನಲ್ಲಿ ಮೇಷ್ಟರು ‘ಹೀಗೆ ಬಡತನವೇ ನನಗೆ ಜೀವನದ ಮೊದಲ ಗುರುವಾಯಿತು’ ಎಂದು ಬರೆದು ಮುಂದಿನ ಸಂಗತಿಗೆ ಹೋಗಿಬಿಟ್ಟಿದ್ದಾರೆ. ಹಸ್ತಪ್ರತಿಯ ಜೊತೆಗೆ ಬಂದ ಪತ್ರದಲ್ಲಿ ಈ ಸಾಲುಗಳ ವಿಷಯವಾಗಿಯೇ ಅವರು ಮೂರು ಸಂಶಯಗಳನ್ನು ತೋಡಿಕೊಂಡಿದ್ದಾರೆ. ಒಂದು, ಇಷ್ಟು ಅಲ್ಪವಾದ ವಿಷಯ ಗ್ರಂಥಕ್ಕೆ ತಕ್ಕುದೆ? ಎರಡು, ಮನೆಯ ಬಡತನವನ್ನು ಊರಿಗೆಲ್ಲ ಸಾರುವುದು ಏಕೆಂದು ಅವರ ಮಕ್ಕಳು ಆಕ್ಷೇಪಿಸುತ್ತಿದ್ದಾರೆ, ಅದನ್ನು ಬಿಟ್ಟುಬಿಡಬೇಕೆ? ಮೂರನೆಯದು ಎಲ್ಲಕ್ಕಿಂತ ತೊಡಕಿನದು. ಅವರ ಅಕ್ಕ ಇನ್ನೂ ಬದುಕಿದ್ದಾರೆ. ಆ ದಿನ ಆಕೆಗೆ ಹನ್ನೊಂದು ವರ್ಷ. ಎತ್ತು ಜಾತ್ರೆಗೆ ಹೋಗಲೇ ಇಲ್ಲ, ಸಾಲ ಕೊಟ್ಟವರ ಕಡೆಯ ಆಳು ಬಂದು ಕೊಟ್ಟಿಗೆಯಿಂದಲೇ ಬಿಚ್ಚಿಕೊಂಡು ಹೋದ ಎಂದು ಆಕೆ ಹೇಳುತ್ತಾರಂತೆ. ‘ನಾನು ಕಣ್ಣಾರೆ ಕಂಡದ್ದು ಸುಳ್ಳೆ?’ ಎಂದು ಮೇಷ್ಟರು ಕೇಳಿದ್ದಾರೆ. ಈ ಮೂರು ಪ್ರಶ್ನೆಗಳೂ ಅವರೊಬ್ಬರವಲ್ಲ. ತನ್ನ ಬಾಲ್ಯವನ್ನು ಬರೆಯಹೊರಟ ಪ್ರತಿಯೊಬ್ಬರವೂ ಹೌದು. ಆದುದರಿಂದ ಇವನ್ನು ವಾಚಕರ ಸಮಕ್ಷಮದಲ್ಲಿಯೇ ವಿಚಾರಮಾಡುವುದು ಯೋಗ್ಯವೆಂದು ಭಾವಿಸಿದ್ದೇವೆ.

ಮೊದಲನೆಯ ಸಂಶಯವನ್ನು ತೆಗೆದುಕೊಳ್ಳೋಣ. ನಮ್ಮ ಪೂರ್ವಿಕರು ನೆನಪನ್ನು ಅಲ್ಪವೆಂದು ತಿಳಿದವರಲ್ಲ. ಭರತನು ಹೆಸರಿಸಿದ ೩೩ ವ್ಯಭಿಚಾರಿಭಾವಗಳಲ್ಲಿ ಸ್ಮೃತಿ ಒಂದು. ೮ ಸಾತ್ತ್ವಿಕಭಾವಗಳಲ್ಲಿ ರೋಮಾಂಚ ಒಂದು. ಸ್ಮೃತಿ ಬಂದುಹೋಗುವ ಭಾವ. ರೋಮಾಂಚವೋ ಮೈಯಲ್ಲಿ ತಾನಾಗಿ ತೋರಿಕೊಳ್ಳುವಂಥದು, ಅದನ್ನು ಬಾಯಿಮಾತಿನಿಂದ ಹುಟ್ಟಿಸುವುದು ಆಗದ ಕೆಲಸ. ಅಂತಃಕರಣದ ಒಂದು ಚಲನೆ ಮೈಗೆ ಮುಟ್ಟಿದಾಗಲೇ ಪುಳಕ. ಶಾಕುಂತಲದ ಐದನೆಯ ಅಂಕದಲ್ಲಿ ಹಂಸಪದಿಕೆಯ ಹಾಡು ಕಿವಿಗೆ ಬಿದ್ದೊಡನೆ, ಏನನ್ನು ಮರೆತಿರುವೆನೆಂದೂ ತಿಳಿಯದ ದುಷ್ಯಂತನ ಮನಸ್ಸು ಕಾರಣವಿಲ್ಲದೆ ಕಲಕುತ್ತದೆ. ಬುದ್ಧಿ ಮರೆತುದನ್ನು ಕಿವಿ ಮರೆತಿಲ್ಲ. ಹೀಗೆ ಇಂದ್ರಿಯದ್ವಾರದಿಂದ ಒಳಹೊಕ್ಕುದು ಇಂದ್ರಿಯದ್ವಾರದಿಂದಲೇ ಹೊರಬರುತ್ತದೆಂಬುದನ್ನು ಕಾಳಿದಾಸ ಬಲ್ಲ. ಈ ಕಾಲದ ಮನಶ್ಶಾಸ್ತ್ರಜ್ಞರು ಪ್ರಯೋಗಗಳಿಂದ ಇದನ್ನೇ ಇನ್ನೊಂದು ಬಗೆಯಾಗಿ ಹೇಳುತ್ತಾರೆ. ವಯಸ್ಸಾದವರಿಗೆ ಒಂದು ಮಾತನ್ನೋ ಚಿತ್ರವನ್ನೋ ಕೊಟ್ಟು ನೆನಪು ಕೆದಕಿದರೆ ಹೆಚ್ಚಾಗಿ ಹರೆಯದ ಸಂಗತಿಗಳು ಮೇಲೆ ಬರುತ್ತವೆ. ವಾಸನೆಯೊಂದನ್ನು ಕೊಟ್ಟು ಕೆದಕಿದರೆ ಬಾಳಿನ ಮೊದಲ ಹತ್ತು ವರ್ಷಗಳ ಸಂಗತಿಗಳು ಬರುತ್ತವೆ. ಮೇಷ್ಟರ ಹಗ್ಗದಲ್ಲಿ ಉಳಿದಿದ್ದ ವಾಸನೆ ಇಷ್ಟು ವರ್ಷ ಆರದೆ ಇದ್ದುದು ಅವರೊಬ್ಬರ ವೈಚಿತ್ರ್ಯವಲ್ಲ.

ರವೀಂದ್ರನಾಥ ಠಾಕೂರರು ‘ಜೀವನಸ್ಮೃತಿ’ಯನ್ನು ೧೯೧೨ರಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದಾಗ ಐವತ್ತು ದಾಟಿದ್ದರು. ದೇಶ ಕಾಲಗಳ ಬಗೆಗೆ ಹೇಳಲು ಅವರ ಬಳಿ ಎಷ್ಟೋ ಇದ್ದಿತು. ಆದರೂ ಆ ಗ್ರಂಥವನ್ನು ಓದಿದವರೆಲ್ಲರ ಮನಸ್ಸಿನಲ್ಲಿ ಮೊದಲು ಎದ್ದು ನಿಲ್ಲುವುದು ಒಂದು ಸೀಮೆಸುಣ್ಣದ ಗೆರೆ. ಜೋಡಾಸಾಂಕೋದ ದೊಡ್ಡ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಶ್ಯಾಮನೆಂಬ ಆಳು, ತನ್ನ ಶ್ರಮ ತಪ್ಪಿಸಿಕೊಳ್ಳಲು, ಬಾಲಕನನ್ನು ಒಂದು ಕಡೆ ಕೂರಿಸಿ ಸುತ್ತಲೂ ಗೆರೆ ಎಳೆದು, ದಾಟಿದರೆ ಕೇಡು ತಪ್ಪದೆಂದು ಹೆದರಿಸಿ ಹೋಗಿಬಿಡುತ್ತಿದ್ದನು. ಬಾಲಕ ರಾಮಾಯಣ ಬಲ್ಲವನು. ಗೆರೆ ದಾಟಿದ ಸೀತೆಗೆ ಏನಾಯಿತೆಂಬುದನ್ನು ಅರಿತವನು. ಆದುದರಿಂದ ಅಲ್ಲಿಯೇ ಕುಳಿತು, ಕಿಟಕಿಯ ಕೆಳಗಿನ ಕೊಳವನ್ನೂ, ಅದರ ದಂಡೆಯ ಆಲದ ಮರವನ್ನೂ, ಒಬ್ಬೊಬ್ಬರಾಗಿ ಸ್ನಾನಕ್ಕೆ ಬರುವವರ ಒಂದೊಂದು ರೀತಿಯನ್ನೂ ಹಗಲೆಲ್ಲ ನೋಡುವನು. ಇನ್ನೊಂದು ಕಡೆ ಮಳೆಯ ಸಂಜೆ. ಬೀದಿಯಲ್ಲಿ ಮೊಳಕಾಲುದ್ದ ನೀರು. ಇಂದು ಮನೆಪಾಠದ ಮೇಷ್ಟರು ಬರಲಾರರೆಂದು ಹುಡುಗ ಹಿಗ್ಗುತ್ತಿರುವಾಗಲೇ ಬೀದಿಯ ತಿರುವಿನಲ್ಲಿ ಆ ಚಿರಪರಿಚಿತವಾದ ಕೊಡೆ ಕಾಣಿಸಿಕೊಳ್ಳುತ್ತದೆ! ಗೆರೆ, ಕೊಳ, ಕೊಡೆ. ಇವುಗಳಿಗಿಂತ ಅಲ್ಪವಾದುದು ಯಾವುದಿದೆ? ಆದರೆ ವಿಶ್ವಕವಿಯ ಕಣ್ಣು ಹದಗೊಂಡದ್ದು ಆ ಗೆರೆಯೊಳಗೆ ಕುಳಿತಾಗ ಎಂಬುದನ್ನು ಯಾವ ವಿಮರ್ಶಕನೂ ಅಷ್ಟು ಚೆನ್ನಾಗಿ ಹೇಳಲಾರ.

ಅದೇ ಬಂಗಾಳದಲ್ಲಿ ಇನ್ನೂ ಹಿಂದೆ ರಾಸಸುಂದರೀದೇವಿ ಎಂಬ ಗೃಹಿಣಿ ‘ಆಮಾರ್ ಜೀಬನ್’ ಎಂಬ ತನ್ನ ಕಥೆಯನ್ನು ೧೮೭೬ರಲ್ಲಿ ಅಚ್ಚುಹಾಕಿಸಿದಳು. ಹೆಣ್ಣುಮಕ್ಕಳಿಗೆ ಓದು ಅನಿಷ್ಟವೆಂದು ನಂಬಿದ್ದ ಕಾಲ. ಆಕೆ ಚಿಕ್ಕವಳಾಗಿದ್ದಾಗ ತವರುಮನೆಯಲ್ಲಿಯೇ ಗಂಡುಹುಡುಗರ ಶಾಲೆ ನಡೆಯುತ್ತಿತ್ತು. ಅಲ್ಲಿ ಸುಮ್ಮನೆ ಕುಳಿತಿರುತ್ತಿದ್ದ ಆಕೆಯ ಕಿವಿಗೆ ಅಕ್ಷರಗಳ ಧ್ವನಿ ಬಿದ್ದಿತ್ತು, ಕಣ್ಣಿಗೆ ಅವುಗಳ ಆಕಾರ ಬಿದ್ದಿತ್ತು. ಮದುವೆಯಾಗಿ ಮಕ್ಕಳಾದ ಮೇಲೆ, ‘ಚೈತನ್ಯಭಾಗವತ’ದ ಒಂದು ಹಾಳೆಯನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡು, ಆ ಹಳೆಯ ನೆನಪಿನ ಅಕ್ಷರಗಳಿಗೂ ಈ ಹಾಳೆಯ ಅಕ್ಷರಗಳಿಗೂ ತಾಳೆನೋಡುತ್ತ, ಯಾರಿಗೂ ತಿಳಿಯದಂತೆ ಓದನ್ನು ಕಲಿತಳು. ಬಾಲ್ಯದ ನೆನಪೆಂದರೆ ಮುಪ್ಪಿನಲ್ಲಿ ಮೆಲುಕುಹಾಕುವ ಮಿಠಾಯಿ ಎಂದು ತಿಳಿದವರು ಈ ತಾಯಿಯನ್ನು ನೆನೆಯಬೇಕು. ಆಕೆಗೆ ಅದು ಬಾಳಿನ ಬಂಡವಾಳವಾಯಿತು.

ಬಾಲ್ಯದ ನೋಟಕ್ಕೆ ಇನ್ನೊಂದು ಲಕ್ಷಣವುಂಟು. ದೊಡ್ಡವರು ನೋಡಬೇಕೆನ್ನುವ ಕಡೆಗೆ ಅದು ನೋಡುವುದಿಲ್ಲ. ಮ್ಯಾಕ್ಸಿಂ ಗಾರ್ಕಿಯ ‘ಬಾಲ್ಯ’ ಪ್ರಕಟವಾದುದು ೧೯೧೩-೧೪ರಲ್ಲಿ. ಅದರ ಮೊದಲಲ್ಲಿಯೇ ತಂದೆಯ ಸಾವು ಬರುತ್ತದೆ. ಮಳೆ ಹನಿಯುವ ಸ್ಮಶಾನದಲ್ಲಿ ಗುಂಡಿಯ ತಳಕ್ಕೆ ನೀರು ಸೇರಿದೆ, ಅದರಲ್ಲಿ ಕಪ್ಪೆಗಳಿವೆ, ಎರಡು ಕಪ್ಪೆಗಳು ಆಗಲೇ ಶವಪೆಟ್ಟಿಗೆಯ ಮುಚ್ಚಳದ ಮೇಲೆ ಏರಿ ಕುಳಿತಿವೆ. ಮಣ್ಣು ಬೀಳುತ್ತದೆ. ಎಳೆಯ ಹುಡುಗ ತಂದೆಗಾಗಿ ಅಳುವುದಿಲ್ಲ. ಆ ಕಪ್ಪೆಗಳು ಹೊರಗೆ ಬರುವುವೇ ಇಲ್ಲವೇ ಎಂಬುದೇ ಅವನ ಚಿಂತೆ. ಶೋಕದ ಒಂದು ಪದವನ್ನೂ ಬಳಸದೆ ಗಾರ್ಕಿ ನಮ್ಮ ಕರುಳನ್ನು ಹಿಂಡಿಬಿಡುತ್ತಾನೆ. ಬೆಳೆದು ದೊಡ್ಡವನಾದ ಲೇಖಕ ಅಲ್ಲಿ ಅಡ್ಡಬಂದು ತಂದೆಯ ಗುಣಗಾನಕ್ಕೆ ತೊಡಗಿದ್ದರೆ ಆ ಕಪ್ಪೆಗಳೊಡನೆ ಪುಳಕವೂ ಮಣ್ಣುಪಾಲಾಗುತ್ತಿತ್ತು. ನಮ್ಮ ಮೇಷ್ಟರ ಐದನೆಯ ಸಾಲಿನಲ್ಲಿ ಆದುದು ಇದೇ. ಆರು ವರ್ಷದ ಹುಡುಗ ಮೂಸಿದ್ದು ಹಗ್ಗವನ್ನು, ಜೀವನದ ಗುರುವನ್ನಲ್ಲ.

ಕನ್ನಡದ ವಾಚಕರಿಗೆ ಇದು ಹೊಸ ಮಾತಲ್ಲ. ಗೊರೂರರ ‘ಹಳ್ಳಿಯ ಚಿತ್ರಗಳು’ ಬಂದುದು ೧೯೩೦ರಲ್ಲಿ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಬಂದುದು ೧೯೩೩ರಲ್ಲಿ, ಅವರಿಗೆ ಮೂವತ್ತು ತುಂಬುವ ಮೊದಲೇ. ಅವರ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಹೊರಬರುವ ಹೊತ್ತಿಗೆ ೧೯೮೦. ಅವರಿಗೆ ೭೫ ವರ್ಷ. ನಡುವೆ ಅರ್ಧ ಶತಮಾನವೇ ಉರುಳಿತು; ಮಹಾಕಾವ್ಯ, ಮಹಾಕಾದಂಬರಿಗಳು ಬಂದವು; ಹುದ್ದೆ, ಕೀರ್ತಿ, ಪ್ರಶಸ್ತಿ ಎಲ್ಲವೂ ಬಂದವು. ಆದರೂ ದೋಣಿ ಹೊರಡುವ ದಡ ಅದೇ ಕುಪ್ಪಳಿಯ ಕಾಡು. ಪುಳಕ ಕ್ಷಣಿಕವೆಂದು ಹೇಳುವವರು ಈ ಅರ್ಧ ಶತಮಾನವನ್ನು ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯ ಸಂಶಯ ಮಾನಾಪಮಾನದ್ದು. ಬಾಲ್ಯವೆಂದೊಡನೆ ನಮ್ಮ ಲೇಖನಿಗಳು ಜೇನಿನಲ್ಲಿ ಅದ್ದಿಕೊಳ್ಳುವುದು ವಾಡಿಕೆಯಾಗಿದೆ. ಮಾವಿನ ತೋಪು, ಅಜ್ಜಿಯ ಕಥೆ, ಹಬ್ಬದ ಹೋಳಿಗೆ, ಬೆಳದಿಂಗಳ ಊಟ ಇವಿಷ್ಟನ್ನು ಜೋಡಿಸಿದರೆ ಬಾಲ್ಯವಾಯಿತೆಂಬ ಭ್ರಾಂತಿ ನಮ್ಮಲ್ಲಿ ಹರಡಿದೆ. ಇವು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಆ ತೋಪಿಗೆ ಬೇಲಿ ಯಾರು ಹಾಕಿದ್ದರು, ಆ ಹೋಳಿಗೆಯ ದಿನ ಹಿತ್ತಿಲ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತವರು ಯಾರು ಎಂಬುದನ್ನು ಕಂಡ ಕಣ್ಣುಗಳೂ ಮಕ್ಕಳ ಕಣ್ಣುಗಳೇ ಅಲ್ಲವೆ? ಪುಳಕವೆಂದರೆ ಬರಿಯ ಹಿಗ್ಗಲ್ಲ. ಭಯಕ್ಕೂ ರೋಮ ನಿಮಿರುತ್ತದೆ. ಅವಮಾನಕ್ಕೂ ಮೈ ಜುಮ್ಮೆನ್ನುತ್ತದೆ.

ಈ ಮಾತಿಗೆ ಕನ್ನಡದಲ್ಲಿ ಸಿದ್ಧಲಿಂಗಯ್ಯನವರ ‘ಊರುಕೇರಿ’ಗಿಂತ ಸಮರ್ಥವಾದ ನಿದರ್ಶನ ಬೇರೆ ಬೇಕಾಗಿಲ್ಲ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ೧೯೫೪ರಲ್ಲಿ ಹುಟ್ಟಿ ೨೦೨೧ರಲ್ಲಿ ತೀರಿಕೊಂಡ ಈ ಕವಿ, ತಮ್ಮ ಬಾಳಕಥೆಯ ಪ್ರಾರಂಭದಲ್ಲಿಯೇ ಒಂದು ನೋಟವನ್ನು ನಮ್ಮ ಮುಂದಿಡುತ್ತಾರೆ. ಇಬ್ಬರು ಮನುಷ್ಯರು ಹೆಗಲ ಮೇಲೆ ನೊಗ ಹೊತ್ತು ಎತ್ತುಗಳಂತೆ ನಡೆಯುತ್ತಿದ್ದಾರೆ. ಮೂರನೆಯವನು ಹಿಂದಿನಿಂದ ಉಳುತ್ತಿದ್ದಾನೆ. ನೋಡುವ ಹುಡುಗನಿಗೆ ಇದು ಮೊದಲು ತಮಾಷೆಯಾಗಿ ಕಾಣುತ್ತದೆ. ನೊಗ ಹೊತ್ತವರಲ್ಲಿ ಒಬ್ಬರು ತನ್ನ ತಂದೆಯೆಂದು ತಿಳಿದಾಗ ಒಳಗೆ ಏನೋ ಸಂಕಟವಾಗುತ್ತದೆ. ಇಲ್ಲಿ ಲೇಖಕರು ತಮಾಷೆಯನ್ನು ಮುಚ್ಚಿಡಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ತಿಳಿದವರಾದ ಮೇಲೆ ಆ ನಗುವಿಗಾಗಿ ನಾಚಿ ಅದನ್ನು ಹೊಡೆದುಹಾಕುವುದು ಸುಲಭವಾಗಿತ್ತು. ಬಾಲಕನಾಗಿದ್ದಾಗಲೇ ತಾನು ಅನ್ಯಾಯದ ವಿರುದ್ಧ ಸಿಡಿದೆದ್ದೆನೆಂದು ಬರೆಯುವುದು ಇನ್ನೂ ಸುಲಭವಾಗಿತ್ತು. ಅವರು ಎರಡನ್ನೂ ಮಾಡಲಿಲ್ಲ. ಮೊದಲು ನಗು ಬಂದಿತು, ಆಮೇಲೆ ಸಂಕಟ ಬಂದಿತು. ಬಂದ ಕ್ರಮದಲ್ಲಿಯೇ ಇಟ್ಟರು. ನಗುತ್ತ ಓದಹೊರಟ ನಾವು ಆ ಒಂದು ತಿಳಿವಿನಿಂದ ಥಟ್ಟನೆ ನಿಲ್ಲುತ್ತೇವೆ. ಒಂದು ಸಮಾಜದ ಇತಿಹಾಸವೇ ಆ ನಿಲುಗಡೆಯಲ್ಲಿ ಅಡಗಿದೆ. ‘ಬಡತನವನ್ನು ಸಾರುವುದು ಏಕೆ’ ಎಂದು ಕೇಳುವ ಮಕ್ಕಳಿಗೆ ನಮ್ಮ ಉತ್ತರ ಇಷ್ಟೆ: ಎತ್ತನ್ನು ಕಳೆದುಕೊಂಡುದರಲ್ಲಿ ನಿಮ್ಮ ಅಜ್ಜನಿಗೆ ಅವಮಾನವಿಲ್ಲ, ಆ ದುಃಖವನ್ನು ಮೊಮ್ಮಕ್ಕಳು ಬಚ್ಚಿಟ್ಟರೆ ಅವರಿಗೆ ಇನ್ನೊಮ್ಮೆ ನಷ್ಟವಾಗುತ್ತದೆ.

ಮಹಾತ್ಮ ಗಾಂಧಿಯವರು ೧೯೨೫ರಿಂದ ೧೯೨೯ರವರೆಗೆ ‘ನವಜೀವನ’ದಲ್ಲಿ ಬರೆದ ಆತ್ಮಕಥೆಯಲ್ಲಿಯೂ ನಮ್ಮನ್ನು ತಡೆದು ನಿಲ್ಲಿಸುವುದು ಇಂಥದೇ ಒಂದು ಘಟ್ಟ. ಅಣ್ಣನ ಕಡಗದ ಚಿನ್ನವನ್ನು ಕದ್ದ ಹುಡುಗ ತಪ್ಪೊಪ್ಪಿಗೆಯ ಪತ್ರ ಬರೆದು ಕಾಯಿಲೆಯಿಂದ ಮಲಗಿದ್ದ ತಂದೆಯ ಕೈಗೆ ಕೊಡುತ್ತಾನೆ. ತಂದೆ ಎದ್ದು ಕುಳಿತು ಓದುತ್ತಾರೆ. ಕಣ್ಣೀರಿನಿಂದ ಕಾಗದ ನೆನೆಯುತ್ತದೆ. ಅದನ್ನು ಹರಿದುಹಾಕಿ ಮತ್ತೆ ಮಲಗುತ್ತಾರೆ. ಅಹಿಂಸೆಯ ವಿಷಯವಾಗಿ ಗಾಂಧಿಯವರು ಬರೆದ ಎಷ್ಟೋ ಲೇಖನಗಳನ್ನು ಮರೆತವರೂ ಆ ನೆನೆದ ಕಾಗದವನ್ನು ಮರೆಯುವುದಿಲ್ಲ.

ಇನ್ನು ಮೂರನೆಯ ಸಂಶಯ: ಕಂಡದ್ದು ಸುಳ್ಳಾಗಬಹುದೆ? ಆಗಬಹುದು ಎಂದೇ ಹೇಳಬೇಕಾಗಿದೆ. ಮಕ್ಕಳ ಮನಸ್ಸಿನ ಬೆಳವಣಿಗೆಯನ್ನು ಜೀವಮಾನವೆಲ್ಲ ಪರಿಶೀಲಿಸಿದ ಸ್ವಿಟ್ಜರ್ಲೆಂಡಿನ ವಿದ್ವಾಂಸ ಜಾನ್ ಪಿಯಾಜೆಗೆ ಎಳೆಯತನದ ಒಂದು ನೆನಪು ಬಹಳ ಸ್ಪಷ್ಟವಾಗಿತ್ತು. ಪ್ಯಾರಿಸ್ಸಿನ ಬೀದಿಯೊಂದರಲ್ಲಿ ದಾದಿಯು ಅವನನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿರುವಾಗ ಒಬ್ಬನು ಮಗುವನ್ನು ಅಪಹರಿಸಲು ಬಂದದ್ದು, ದಾದಿ ಹೋರಾಡಿದ್ದು, ಅವಳ ಮುಖದ ಗೀರುಗಳು, ಪೋಲೀಸಿನವನ ಉಡುಪು, ಎಲ್ಲವೂ ಅವನ ಕಣ್ಣಿಗೆ ಕಟ್ಟಿದಂತಿದ್ದುವು. ಅವನಿಗೆ ಸುಮಾರು ೧೫ ವರ್ಷವಾದಾಗ ಆ ದಾದಿ ಪಶ್ಚಾತ್ತಾಪದಿಂದ ಪತ್ರ ಬರೆದಳು: ಅದೆಲ್ಲ ತಾನು ಕಟ್ಟಿದ ಕಥೆ, ಆ ಸಾಹಸಕ್ಕೆ ಬಹುಮಾನವಾಗಿ ಕೊಟ್ಟಿದ್ದ ಗಡಿಯಾರವನ್ನು ಹಿಂತಿರುಗಿಸುತ್ತಿದ್ದೇನೆ. ಮನೆಯವರ ಬಾಯಲ್ಲಿ ಕೇಳಿದ ಕಥೆಯೇ ಕಂಡ ದೃಶ್ಯವಾಗಿ ಅವನಲ್ಲಿ ನೆಲೆಸಿಬಿಟ್ಟಿತ್ತು. ಬೆಳೆದವರ ಮಾತೂ ಇಷ್ಟೆ. ೧೯೮೬ರಲ್ಲಿ ಅಮೆರಿಕದ ‘ಚಾಲೆಂಜರ್’ ಗಗನನೌಕೆ ಸಿಡಿದ ಮರುದಿನ ಬೆಳಗ್ಗೆ, ಆ ಸುದ್ದಿ ತಮಗೆ ಎಲ್ಲಿ, ಹೇಗೆ ತಿಳಿಯಿತೆಂಬುದನ್ನು ವಿದ್ಯಾರ್ಥಿಗಳಿಂದ ಬರೆಸಿಟ್ಟುಕೊಂಡ ಸಂಶೋಧಕರು, ಕೆಲವು ವರ್ಷಗಳ ಮೇಲೆ ಅವರನ್ನೇ ಮತ್ತೆ ಕೇಳಿದರು. ಹಲವರ ಉತ್ತರ ಪೂರ್ತಿಯಾಗಿ ಬದಲಾಗಿತ್ತು. ಅವರ ಆತ್ಮವಿಶ್ವಾಸ ಮಾತ್ರ ಕುಂದಿರಲಿಲ್ಲ. ನೆನಪಿನ ಸ್ಪಷ್ಟತೆಯೇ ಸತ್ಯಕ್ಕೆ ಸಾಕ್ಷಿಯಲ್ಲ ಎಂಬುದು ಇದರಿಂದ ಸಿದ್ಧವಾಗುತ್ತದೆ. ಜರ್ಮನಿಯ ಮಹಾಕವಿ ಗಯಟೆ ೧೮೧೧ರಲ್ಲಿ ತನ್ನ ಆತ್ಮಕಥೆಯ ಮೊದಲ ಭಾಗವನ್ನು ಹೊರತಂದಾಗ ಅದಕ್ಕೆ ‘ಕಾವ್ಯ ಮತ್ತು ಸತ್ಯ’ ಎಂಬ ಅರ್ಥದ ಹೆಸರನ್ನೇ ಇಟ್ಟನು. ಎಳವೆಯ ಸಂಗತಿಗಳಲ್ಲಿ ನಾವೇ ಕಂಡುದನ್ನೂ ಇತರರಿಂದ ಕೇಳಿದುದನ್ನೂ ಬೆರೆಸಿಬಿಡುತ್ತೇವೆಂದು ಪ್ರಾರಂಭದಲ್ಲಿಯೇ ಒಪ್ಪಿಕೊಂಡನು. ಒಪ್ಪಿಕೊಂಡ ಮೇಲೆ, ಮನೆಯ ಮಡಕೆಕುಡಿಕೆಗಳನ್ನು ಒಂದೊಂದಾಗಿ ಬೀದಿಗೆಸೆದು ಒಡೆದು ಹಿಗ್ಗಿದ ತನ್ನ ತುಂಟತನವನ್ನು ಹಾಯಾಗಿ ಹೇಳಿದನು.

ಹಾಗಾದರೆ ಬಾಲ್ಯವನ್ನು ಬರೆಯುವವರು ಏನು ಮಾಡಬೇಕು? ಇದಕ್ಕೆ ಟಾಲ್‌ಸ್ಟಾಯ್ ಮಹಾಶಯನ ಬಾಳಿಗಿಂತ ಉತ್ತಮವಾದ ಪಾಠವನ್ನು ನಾವು ಕಾಣೆವು. ಅವನ ಮೊದಲನೆಯ ಕೃತಿ ‘ಬಾಲ್ಯ’ ೧೮೫೨ರಲ್ಲಿ ಪ್ರಕಟವಾಗಿ ಅವನಿಗೆ ಕೀರ್ತಿ ತಂದಿತು. ಅದರಲ್ಲಿ ಬರುವ ಹುಡುಗ ತಾಯಿಯ ಸಾವನ್ನು ಕಣ್ಣಾರೆ ಕಾಣುತ್ತಾನೆ. ಆದರೆ ಟಾಲ್‌ಸ್ಟಾಯ್‌ಯ ತಾಯಿ ತೀರಿಕೊಂಡದ್ದು ಅವನಿಗೆ ಎರಡು ವರ್ಷ ತುಂಬುವ ಮೊದಲೇ. ಆಕೆಯ ಮುಖವೇ ಅವನಿಗೆ ನೆನಪಿರಲಿಲ್ಲ. ಕಾದಂಬರಿಗೆ ಇದು ದೋಷವಲ್ಲ. ಆದರೂ ೧೯೦೩ರಲ್ಲಿ, ೭೫ನೆಯ ವಯಸ್ಸಿನಲ್ಲಿ, ತನ್ನ ನಿಜವಾದ ಸ್ಮೃತಿಗಳನ್ನು ಬರೆಯಲು ತೊಡಗಿದ ಆ ವೃದ್ಧನಿಗೆ ತನ್ನ ಆ ಪ್ರಸಿದ್ಧ ಗ್ರಂಥ ರುಚಿಸಲಿಲ್ಲ. ಗೆಳೆಯರ ಬಾಲ್ಯವನ್ನೂ ತನ್ನ ಬಾಲ್ಯವನ್ನೂ ಕಲಸಿಬಿಟ್ಟೆನೆಂದು ಅವನು ಹಳಹಳಿಸಿದನು. ಅದಕ್ಕೂ ಮೊದಲೇ, ೧೮೭೮ರ ಸುಮಾರಿನಲ್ಲಿ, ತನ್ನ ಅತ್ಯಂತ ಹಳೆಯ ನೆನಪುಗಳನ್ನು ಗುರುತುಹಾಕಿಕೊಂಡಿದ್ದನು. ಬಟ್ಟೆಯಲ್ಲಿ ಬಿಗಿದುಕಟ್ಟಿದ ಕೈಗಳನ್ನು ಬಿಡಿಸಿಕೊಳ್ಳಲಾರದೆ ಅಳುತ್ತಿದ್ದುದು ಒಂದು. ಮರದ ಬಾನಿಯಲ್ಲಿ ಸ್ನಾನಮಾಡಿಸುತ್ತಿದ್ದಾಗ ಮೂಗಿಗೆ ಬಡಿದ ತೌಡಿನ ಹುಳಿವಾಸನೆ, ನುಣುಪಾದ ಬಾನಿಯ ಅಂಚು, ದಾದಿಯ ಮಡಿಸಿದ ತೋಳುಗಳು, ತನ್ನ ಪುಟ್ಟ ಮೈಯನ್ನು ತಾನೇ ಮೊದಲ ಬಾರಿಗೆ ನೋಡಿ ಮೆಚ್ಚಿಕೊಂಡುದು ಇನ್ನೊಂದು. ಕೈಗಳನ್ನು ಏಕೆ ಕಟ್ಟಿದ್ದರೋ ತಾನರಿಯೆನೆಂದು ಅವನು ಸ್ಪಷ್ಟವಾಗಿ ಬರೆದನು. ಅರಿಯೆನೆಂಬ ಆ ಒಂದು ಮಾತಿನಿಂದ ಉಳಿದ ಮಾತುಗಳೆಲ್ಲ ನಂಬಿಕೆಗೆ ಪಾತ್ರವಾದುವು.

ಅವನ ಸ್ಮೃತಿಗಳಲ್ಲಿ ಎಲ್ಲಕ್ಕಿಂತ ಹೃದ್ಯವಾದುದು ಹಸುರುಕೋಲಿನ ಕಥೆ. ಮನುಷ್ಯರೆಲ್ಲ ಸುಖಿಗಳಾಗುವ, ರೋಗವಾಗಲಿ ಜಗಳವಾಗಲಿ ಇಲ್ಲದಂತಾಗುವ ಗುಟ್ಟೊಂದು ತನಗೆ ಗೊತ್ತೆಂದು ಅಣ್ಣ ನಿಕೊಲಾಯ್ ಒಂದು ದಿನ ತಮ್ಮಂದಿರಿಗೆ ಹೇಳಿದನು. ಅದು ಸಾಧ್ಯವಾದಾಗ ಎಲ್ಲರೂ ‘ಇರುವೆ-ಸಹೋದರರು’ ಆಗುವರು. ಆ ಗುಟ್ಟನ್ನು ಒಂದು ಹಸುರುಕೋಲಿನ ಮೇಲೆ ಬರೆದು, ಯಾಸ್ನಾಯ ಪಾಲ್ಯಾನದ ಕಾಡಿನಲ್ಲಿ ಕಮರಿಯ ಅಂಚಿಗೆ ಹೂಳಲಾಗಿದೆ. ಮಕ್ಕಳು ಕುರ್ಚಿಗಳ ಕೆಳಗೆ ಶಾಲು ಇಳಿಬಿಟ್ಟು, ಕತ್ತಲಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಇರುವೆ-ಸಹೋದರರ ಆಟವಾಡುತ್ತಿದ್ದರು. ವೃದ್ಧ ಟಾಲ್‌ಸ್ಟಾಯ್ ಈ ಕಥೆಯನ್ನು ಬರೆಯುವಾಗ ಎರಡು ಮಾತುಗಳನ್ನು ಪಕ್ಕಪಕ್ಕದಲ್ಲಿಡುತ್ತಾನೆ. ಅಣ್ಣ ‘ಮೊರೇವಿಯದ ಸಹೋದರರು’ ಎಂಬ ಕ್ರೈಸ್ತ ಪಂಥದ ಹೆಸರನ್ನು ಎಲ್ಲಿಯೋ ಕೇಳಿದ್ದಿರಬೇಕು. ರಷ್ಯನ್ ಭಾಷೆಯಲ್ಲಿ ಇರುವೆಗೆ ಹೇಳುವ ಪದ ಅದಕ್ಕೆ ಹತ್ತಿರವಾದುದರಿಂದ ಹೀಗಾಗಿರಬೇಕು ಎಂದು ದೊಡ್ಡವನ ಬುದ್ಧಿ ಹೇಳುತ್ತದೆ. ಆದರೆ ನಮಗೆ ಇರುವೆಗಳೆಂದರೇ ಬಲು ಇಷ್ಟವಾಗಿತ್ತು, ಗೂಡಿನ ಇರುವೆಗಳ ನೆನಪು ಬರುತ್ತಿತ್ತು ಎಂದು ಮಗುವಿನ ಮನಸ್ಸು ಹೇಳುತ್ತದೆ. ಒಂದು ಇನ್ನೊಂದನ್ನು ಅಳಿಸಲಿಲ್ಲ. ಕಾಡಿನಲ್ಲಿ ಕೋಲು 없ವೆಂದು ತಿಳಿದಿದ್ದರೂ ತನ್ನನ್ನು ಅಲ್ಲಿಯೇ ಮಣ್ಣುಮಾಡಬೇಕೆಂದು ಅವನು ಕೇಳಿಕೊಂಡನು. ೧೯೧೦ರಲ್ಲಿ ಅಸ್ತಾಪೊವೊ ರೈಲ್ವೆ ನಿಲ್ದಾಣದಲ್ಲಿ ತೀರಿಕೊಂಡ ಅವನ ದೇಹವನ್ನು ಹಾಗೆಯೇ ಆ ಕಮರಿಯ ಅಂಚಿಗೆ ತಂದು ಹೂತರು. ಇಂದಿಗೂ ಅಲ್ಲಿರುವುದು ಹುಲ್ಲು ಹೊದೆದ ಒಂದು ಮಣ್ಣಿನ ದಿಬ್ಬ, ಶಿಲುಬೆಯಿಲ್ಲ, ಶಿಲಾಶಾಸನವಿಲ್ಲ. ಐದು ವರ್ಷದವನಾಗಿದ್ದಾಗ ಆದ ಪುಳಕ ಎಂಬತ್ತೆರಡರವರೆಗೆ ನಡೆದು ಬಂದುದಕ್ಕೆ ಅದೇ ಸಾಕ್ಷಿ.

ಇದರಿಂದ ನಾವು ಕಲಿಯುವುದು ಒಂದೇ ಮಾತು. ಬಾಲ್ಯದ ನೆನಪನ್ನು ಬರೆಯುವಾಗ ಮೂವರು ಮಾತನಾಡುತ್ತಾರೆ: ಅಂದು ಕಂಡ ಮಗು, ಆಮೇಲೆ ಹೇಳಿದ ಮನೆಯವರು, ಇಂದು ಯೋಚಿಸುತ್ತಿರುವ ಲೇಖಕ. ಮೂವರಿಗೂ ಮಾತಿನ ಹಕ್ಕುಂಟು. ಒಬ್ಬರ ಬಾಯನ್ನು ಇನ್ನೊಬ್ಬರು ಮುಚ್ಚಬಾರದು. ಮಗು ಕಂಡದ್ದನ್ನು ಕಂಡಷ್ಟೇ ಬರೆಯಬೇಕು. ಮನೆಯವರು ಹೇಳಿದ್ದನ್ನು ಅವರ ಮಾತೆಂದೇ ಬರೆಯಬೇಕು. ತನ್ನ ವಿಚಾರವನ್ನು ತನ್ನ ವಿಚಾರವೆಂದೇ ಬರೆಯಬೇಕು. ನೆನಪಿನ ಮೇಲೆ ಬಣ್ಣ ಬಳಿದರೂ ಪುಳಕ ಸಾಯುತ್ತದೆ, ನೀತಿವಾಕ್ಯ ಹೇರಿದರೂ ಸಾಯುತ್ತದೆ. ಆದರೆ ಸತ್ಯವನ್ನು ಪಕ್ಕದಲ್ಲಿಟ್ಟುದರಿಂದ ಅದು ಸತ್ತ ಉದಾಹರಣೆಯನ್ನು ನಾವು ಕಂಡಿಲ್ಲ.

ಉಪಾಧ್ಯಾಯಬಂಧುಗಳಲ್ಲಿಯೂ ಒಂದು ವಿಜ್ಞಾಪನೆ. ‘ನನ್ನ ಬಾಲ್ಯ’ ಎಂಬ ಪ್ರಬಂಧವನ್ನು ನಮ್ಮ ಶಾಲೆಗಳಲ್ಲಿ ವರ್ಷವೂ ಬರೆಸುತ್ತಾರೆ. ‘ಬಾಲ್ಯವು ಜೀವನದ ಸುವರ್ಣಕಾಲ’ ಎಂದು ಅದು ಪ್ರಾರಂಭವಾಗುತ್ತದೆ. ಹನ್ನೆರಡು ವರ್ಷದ ಮಗುವಿಗೆ ಈ ಮಾತನ್ನು ಯಾರು ಹೇಳಿಕೊಟ್ಟರು? ಇದಕ್ಕೆ ಬದಲಾಗಿ ನಿಮ್ಮ ಮನೆಯ ಅಡುಗೆಮನೆಯಲ್ಲಿ ಬೆಳಗ್ಗೆ ಏನು ವಾಸನೆ ಬರುತ್ತದೆ, ನೀವು ಯಾವಾಗ ಸುಮ್ಮನೆ ಹೆದರಿದಿರಿ, ಮನೆಯಿಂದ ಹೊರಗೆ ಹೋಗಿ ಮತ್ತೆ ಬಾರದ ವಸ್ತು ಯಾವುದು ಎಂದು ಕೇಳಿ ನೋಡಬಹುದು. ವ್ಯಾಕರಣದ ತಪ್ಪುಗಳು ಹೆಚ್ಚಾದಾವು. ಆದರೆ ಆ ಮಗು ತನ್ನ ಕಣ್ಣನ್ನು ನಂಬಲು ಕಲಿತೀತು. ಹಾಗೆಯೇ ಮನೆಯ ಹಿರಿಯರ ಬಳಿ ಕುಳಿತು ಒಂದು ವಸ್ತುವಿನ ಕಥೆಯನ್ನು ಕೇಳಿ ಬರೆದುಕೊಂಡು ಬರುವಂತೆ ಮಕ್ಕಳಿಗೆ ಹೇಳಬಹುದು. ಸಾಹಿತ್ಯಾಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶ ಬೇರೆ ಬೇಕಿಲ್ಲ.

ಮೇಷ್ಟರ ಹಸ್ತಪ್ರತಿಯನ್ನು ಅವರಿಗೆ ಹಿಂದಿರುಗಿಸಿದ್ದೇವೆ. ಐದನೆಯ ಸಾಲಿಗೆ ಗೀಟು ಹಾಕಿದ್ದೇವೆ. ಮೊದಲ ನಾಲ್ಕು ಸಾಲುಗಳ ಪಕ್ಕದಲ್ಲಿ ‘ಇಲ್ಲಿ ಇನ್ನೂ ಬರೆಯಿರಿ’ ಎಂದು ಗುರುತುಮಾಡಿದ್ದೇವೆ. ಜಾತ್ರೆಯಿಂದ ತಂದೆ ಬರಿಯ ಹಗ್ಗ ಹಿಡಿದು ಬಂದುದನ್ನು ತಾವು ಕಂಡಂತೆಯೇ ಇರಿಸಿ, ಅದರ ಕೆಳಗೆ ಅಕ್ಕ ಹೇಳುವ ಸಂಗತಿಯನ್ನೂ ಆಕೆಯ ಮಾತಿನಲ್ಲಿಯೇ ಬರೆಯಬೇಕೆಂದು ಬೇಡಿದ್ದೇವೆ. ಕೊಟ್ಟಿಗೆಯಿಂದ ಎತ್ತನ್ನು ಬಿಚ್ಚಿಕೊಂಡು ಹೋದುದು ನಿಜವಾದರೆ, ಆ ದಿನ ತಂದೆ ಬರಿಗೈಯಲ್ಲಿ ಮನೆಯೊಳಗಿರಲಾರದೆ ಎಲ್ಲಿಗೋ ಹೋಗಿ ಸಂಜೆ ಹಿಂತಿರುಗಿದರೋ ಏನೋ. ಹುಡುಗನಿಗೆ ಜಾತ್ರೆಯ ಮಾತು ಹೇಳಿದವರು ಯಾರೋ ಏನೋ. ಅದನ್ನು ಅಕ್ಕನೊಬ್ಬರೇ ಹೇಳಬಲ್ಲರು. ಆಕೆಗೆ ಈಗ ಎಂಬತ್ತು ದಾಟಿದೆಯಂತೆ. ಮೇಷ್ಟರು ತಡಮಾಡದೆ ಈ ವಾರವೇ ಅಕ್ಕನ ಊರಿಗೆ ಹೋಗಿಬರುವುದು ಒಳ್ಳೆಯದು.